ಹಾಗರಳ ತಿತ್ತಿಯಲ್ಲಿ ಎಷ್ಟು ನೀರಿತ್ತು?

೧

ಎರಡು ವರ್ಷದ ಕೆಳಗೆ ನನ್ನ ಚಿಕ್ಕವ್ವನ ಕೇರಿಯಲ್ಲಿ ಒಂದು ಪ್ರಾರ್ಥನಾ ಕೂಟ ನಡೆಯಿತು. ಚಿಕ್ಕವ್ವ ಕ್ರೈಸ್ತಳಾಗಿ ಬಹಳ ಕಾಲವಾಯ್ತು. ನಮ್ಮ ಮನೆಯ ಗೋಡೆ ಮೇಲೆ ಅಂಬೇಡ್ಕರ್ ಫೋಟೋ ಇದೆ. ಅವಳ ಮನೆಯ ಗೋಡೆ ಮೇಲೆ ಅಂಬೇಡ್ಕರ್ ಪಕ್ಕದಲ್ಲಿ ಯೇಸು ಇದ್ದಾನೆ. ವ್ಯತ್ಯಾಸ ಅಷ್ಟೇ. ಅವಳ ಬಲವಂತಕ್ಕೆ ನಾನೂ ಹೋಗಿ ಚಾಪೆಯ ಮೇಲೆ ಕೂತೆ. ಪ್ರಸಂಗಿ ನಮ್ಮವನೇ, ನಮ್ಮ ಜಾತಿಯವನೇ. ಅವತ್ತು ಅವನು ತೆಗೆದುಕೊಂಡದ್ದು ಆದಿಕಾಂಡದಲ್ಲಿ ಬರುವ ಹಾಗರಳ ಪ್ರಸಂಗ. ಹಾಗರ್ ಅಂದರೆ ಶರೀರ, ಸಾರ ಅಂದರೆ ಆತ್ಮ. ಹಾಗರ್ ಅಂದರೆ ಲೋಕದ ಆಸೆ, ಸಾರ ಅಂದರೆ ದೇವರ ವಾಗ್ದಾನ. ಆದ್ದರಿಂದ ನಿಮ್ಮೊಳಗೆ ಕೂತಿರುವ ಹಾಗರಳನ್ನು ಇವತ್ತೇ ಆಚೆಗೆ ಹಾಕಿ ಎಂದು ಅವನು ಕಂಠ ತುಂಬಿ, ಚೆನ್ನಾಗಿಯೇ ಹೇಳಿದ. ಜನ ಆಮೆನ್ ಅಂದರು.

ಚಿಕ್ಕವ್ವ ಇಪ್ಪತ್ತು ವರ್ಷಕ್ಕೂ ಮೇಲೆ ಪೇಟೆಯ ಮನೆಗಳಲ್ಲಿ ಮುಸುರೆ ತಿಕ್ಕಿದವಳು. ಅವಳೂ ಆಮೆನ್ ಅಂದಳು. ವಾಪಸು ಬರುವಾಗ ಮಾತ್ರ ದಾರಿಯಲ್ಲಿ ತಟ್ಟನೆ ನಿಂತು ಕೇಳಿದಳು:

"ಅಲ್ಲಾ ಕನ ಮಗ, ಆ ಹೆಣ್ಣು ಮಾಡುದ್ ತಪ್ಪಾದ್ರೂ ಏನು? ಗಂಡನ್ ತಾವ್ಕೆ ಕಳ್ಸುದೋರೂ ಅವ್ರೇ, ಬಸ್ರಾದಾಗ ಗೋಳು ಹುಯ್ಕಂಡೋರೂ ಅವ್ರೇ, ಕಡೀಗೆ ಆಚ್ಗೆ ಹಾಕ್ದೋರೂ ಅವ್ರೇ. ಅಷ್ಟೊಂದು ದನ ಕುರಿ ಮಡಿಕಂಡಿದ್ದೋನು ಒಂದು ಕತ್ತೇನಾರ ಕೊಟ್ಟು ಕಳ್ಸಬಾರ್ದಿತ್ತಾ? ಒಂದು ತೊಗಲ್ ತಿತ್ತೀಲಿ ಎಷ್ಟು ನೀರು ಹಿಡಿತದೆ, ಆ ಬಿಸ್ಲಲ್ಲಿ?"

ನಾನು ಕನ್ನಡ ಎಂ.ಎ. ಮಾಡಿದವನು, ಪಾಠ ಹೇಳಿ ಹೊಟ್ಟೆ ಹೊರೆಯುವವನು. ಸಂಕೇತ, ಪ್ರತಿಮೆ, ರೂಪಕ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವನು. ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಒಂದು ಮಾತು ಹೊಳೆಯಿತು. ಪ್ರಸಂಗಿ ಮಾಡಿದ್ದು ಸಂಕೇತದ ಓದು; ಚಿಕ್ಕವ್ವ ಮಾಡಿದ್ದು ವಿಮರ್ಶೆ. ದಲಿತ ವಿಮರ್ಶೆ ಎಂದರೇನು ಎಂದು ನಾವು ಸೆಮಿನಾರುಗಳಲ್ಲಿ ತಲೆ ಕೆಡಿಸಿಕೊಳ್ಳುತ್ತೇವಲ್ಲ, ಅದರ ಮೊದಲ ಪ್ರಶ್ನೆಯನ್ನು ಅವಳು ಕೇಳಿಬಿಟ್ಟಿದ್ದಳು. ಒಬ್ಬ ಮನುಷ್ಯಳನ್ನು ಸಂಕೇತ ಮಾಡಿದಾಗ ಆ ಮನುಷ್ಯಳ ಗತಿ ಏನಾಗುತ್ತದೆ? ಈ ಬರಹ ಅದರ ಬೆನ್ನು ಹಿಡಿದು ಹೋದದ್ದು.

೨

ಕಥೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಆದಿಕಾಂಡದ ೧೬ ಮತ್ತು ೨೧ನೆಯ ಅಧ್ಯಾಯಗಳಲ್ಲಿ ಎರಡು ಕಂತಿನಲ್ಲಿ ಬರುತ್ತದೆ. ಅಬ್ರಹಾಮ ದನ, ಬೆಳ್ಳಿ, ಬಂಗಾರ ಎಲ್ಲ ಇದ್ದ ದೊಡ್ಡ ಕುಳ. ಹೆಂಡತಿ ಸಾರಳಿಗೆ ಮಕ್ಕಳಿಲ್ಲ. ಅವಳಿಗೆ ಐಗುಪ್ತ ದೇಶದ ಹಾಗರ್ ಎಂಬ ದಾಸಿ. ಇವಳಿಂದಲಾದರೂ ನನಗೆ ಸಂತಾನವಾಗಲಿ ಎಂದು ಸಾರ ತಾನೇ ದಾಸಿಯನ್ನು ಗಂಡನಿಗೆ ಕೊಡುತ್ತಾಳೆ. ದಾಸಿಯನ್ನು ಯಾರೂ ಕೇಳುವುದಿಲ್ಲ. ಬಸುರಾದ ಮೇಲೆ ಹಾಗರ್ ಒಡತಿಯನ್ನು ತಾತ್ಸಾರದಿಂದ ನೋಡುತ್ತಾಳೆ. ಸಾರ ಗಂಡನ ಮೇಲೆ ಹರಿಹಾಯುತ್ತಾಳೆ. ಅವನು ನಿನ್ನ ದಾಸಿ ನಿನ್ನ ಕೈಯಲ್ಲಿದ್ದಾಳೆ, ಏನಾದರೂ ಮಾಡಿಕೋ ಎಂದು ಕೈತೊಳೆದುಕೊಳ್ಳುತ್ತಾನೆ. ಸಾರ ಬಾಧಿಸುತ್ತಾಳೆ, ಹಾಗರ್ ಓಡಿಹೋಗುತ್ತಾಳೆ. ಮರಳುಗಾಡಿನ ಒರತೆಯ ಹತ್ತಿರ ದೇವದೂತ ಸಿಕ್ಕಿ, ಹಿಂದಕ್ಕೆ ಹೋಗಿ ಒಡತಿಗೆ ತಗ್ಗಿ ನಡೆ ಎನ್ನುತ್ತಾನೆ. ಹುಟ್ಟುವ ಮಗನಿಗೆ ದೇವರು ಕೇಳಿಸಿಕೊಂಡ ಎಂಬ ಅರ್ಥದ ಇಷ್ಮಾಯೇಲ ಎಂಬ ಹೆಸರಿಡಲು ಹೇಳುತ್ತಾನೆ.

ಎರಡನೆಯ ಕಂತಿನಲ್ಲಿ ಸಾರಳಿಗೂ ಇಸಾಕ ಎಂಬ ಮಗ ಹುಟ್ಟಿದ್ದಾನೆ. ದಾಸಿಯ ಮಗ ತನ್ನ ಮಗನ ಜೊತೆ ಹಕ್ಕುದಾರ ಆಗಕೂಡದು, ಇಬ್ಬರನ್ನೂ ಹೊರಗೆ ಹಾಕು ಎನ್ನುತ್ತಾಳೆ. ಅಬ್ರಹಾಮ ಬೆಳಗಿನ ಜಾವ ಎದ್ದು ರೊಟ್ಟಿ ಮತ್ತು ಒಂದು ತಿತ್ತಿ ನೀರು ಕೊಟ್ಟು ಕಳಿಸುತ್ತಾನೆ. ಬೇರ್ಷೆಬದ ಕಾಡಿನಲ್ಲಿ ನೀರು ಮುಗಿಯುತ್ತದೆ. ಹಾಗರ್ ಮಗುವನ್ನು ಒಂದು ಪೊದೆಯ ಕೆಳಗೆ ಬಿಟ್ಟು, ಅದು ಸಾಯುವುದನ್ನು ನೋಡಲಾರದೆ ಬಾಣ ಎಸೆಯುವಷ್ಟು ದೂರ ಹೋಗಿ ಕೂತು ಗಟ್ಟಿಯಾಗಿ ಅಳುತ್ತಾಳೆ. ದೇವರು ಅವಳ ಕಣ್ಣು ತೆರೆಸುತ್ತಾನೆ. ಬಾವಿ ಕಾಣುತ್ತದೆ.

ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ಜಗಳ ಆಸ್ತಿಯದು. ಸಾರ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಕ್ರಿಸ್ತಪೂರ್ವ ೧೭೫೦ರ ಸುಮಾರಿನ ಬಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ, ಹೆಂಡತಿ ಗಂಡನಿಗೆ ಕೊಟ್ಟ ದಾಸಿ ಮಕ್ಕಳನ್ನು ಹೆತ್ತು ಒಡತಿಗೆ ಸಮನೆಂದು ನಡೆದುಕೊಂಡರೆ, ಅವಳನ್ನು ಮಾರುವಂತಿಲ್ಲ, ಆದರೆ ಮತ್ತೆ ದಾಸಿಯರ ಸಾಲಿಗೆ ಸೇರಿಸಬಹುದು ಎಂಬ ಕಲಮು ಇದೆ. ಅಂದರೆ ಹಾಗರಳಂಥವರು ಆ ಕಾಲದ ಕಾನೂನಿನ ಕಲಮುಗಳಲ್ಲಿ ಬದುಕುತ್ತಿದ್ದ ಹೆಂಗಸರು. ಎರಡು, ಇಡೀ ಕಥೆಯಲ್ಲಿ ಅಬ್ರಹಾಮನಾಗಲಿ ಸಾರಳಾಗಲಿ ಅವಳ ಹೆಸರು ಹಿಡಿದು ಒಮ್ಮೆಯೂ ಮಾತಾಡುವುದಿಲ್ಲ. ದಾಸಿ ಎನ್ನುತ್ತಾರೆ, ಅಷ್ಟೇ. ಅವಳನ್ನು ಮೊದಲು ಹೆಸರು ಹಿಡಿದು ಕರೆಯುವವನು ಒರತೆಯ ಬಳಿಯ ದೇವದೂತ. ಮೂರು, ಸಾರ ದಾಸಿಯನ್ನು ಬಾಧಿಸಿದಳು ಎನ್ನಲು ಹೀಬ್ರೂ ಬಳಸುವ ಕ್ರಿಯಾಪದ, ಹಿಂದಿನ ಅಧ್ಯಾಯದಲ್ಲಿ ಅಬ್ರಹಾಮನ ಸಂತತಿ ಪರದೇಶದಲ್ಲಿ ನಾನೂರು ವರ್ಷ ಬಾಧೆ ಪಡುತ್ತದೆ ಎನ್ನುವಾಗ ಬಂದ ಪದವೇ. ಮುಂದೆ ವಿಮೋಚನಕಾಂಡದಲ್ಲಿ ಐಗುಪ್ತದವರು ಇಸ್ರಾಯೇಲರನ್ನು ಬಾಧಿಸುವಾಗಲೂ ಅದೇ ಪದ. ಅಲ್ಲಿ ಐಗುಪ್ತದವರು ಹೀಬ್ರೂ ಜನರಿಗೆ ಮಾಡಿದ್ದನ್ನು ಇಲ್ಲಿ ಹೀಬ್ರೂ ಒಡತಿ ಐಗುಪ್ತದ ದಾಸಿಗೆ ಮಾಡುತ್ತಾಳೆ. ಬರೆದವರು ಇದನ್ನು ಮುಚ್ಚಿಡಲಿಲ್ಲ. ಮೂಲ ಪಠ್ಯ ಪ್ರಾಮಾಣಿಕವಾಗಿದೆ. ತೊಂದರೆ ಶುರುವಾದದ್ದು ಅದಕ್ಕೆ 'ಒಳ ಅರ್ಥ' ಹುಡುಕಿದವರಿಂದ.

೩

ಆ ಒಳ ಅರ್ಥದ ದೊಡ್ಡ ಮೇಷ್ಟರು ಒಂದನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯಾದಲ್ಲಿದ್ದ ಯಹೂದಿ ತತ್ವಜ್ಞಾನಿ ಫಿಲೋ. ಅವನ ಪ್ರಕಾರ ಅಬ್ರಹಾಮ ಅಂದರೆ ಕಲಿಯುವ ಮನಸ್ಸು, ಸಾರ ಅಂದರೆ ಸದ್ಗುಣ, ಜ್ಞಾನ. ಹಾಗರ್ ಅಂದರೆ ವ್ಯಾಕರಣ, ಸಂಗೀತ, ರೇಖಾಗಣಿತ, ವಾಗ್ಮಿತೆ ಮುಂತಾದ ಪ್ರಾಥಮಿಕ ವಿದ್ಯೆಗಳು. ಮನಸ್ಸು ನೇರವಾಗಿ ಜ್ಞಾನವನ್ನು ಕೂಡಲಾರದು, ಮೊದಲು ಈ ಕೆಳಗಿನ ವಿದ್ಯೆಗಳನ್ನು ಕೂಡಬೇಕು, ಜ್ಞಾನ ಬಂದ ಮೇಲೆ ಇವು ಜಾಗ ಬಿಡಬೇಕು. ಒಪ್ಪವಾದ ವ್ಯಾಖ್ಯಾನ. ಎಂ.ಎ. ತರಗತಿಯಲ್ಲಿ ಕೇಳಿದ್ದರೆ ನಾನೂ ತಲೆದೂಗುತ್ತಿದ್ದೆ. ಆದರೆ ಆ ಗ್ರಂಥದ ಕೊನೆಯಲ್ಲಿ ಫಿಲೋ ಒಂದು ಎಚ್ಚರಿಕೆ ಕೊಡುತ್ತಾನೆ. ಸಾರ ಹಾಗರಳನ್ನು ಬಾಧಿಸಿದಳು ಎಂದಾಗ ಇದನ್ನು ಹೆಂಗಸರ ಹೊಟ್ಟೆಕಿಚ್ಚಿನ ಜಗಳ ಎಂದು ತಿಳಿಯಬೇಡಿ, ಇಲ್ಲಿ ಮಾತು ಹೆಂಗಸರದಲ್ಲ, ಮನಸ್ಸುಗಳದು ಎಂಬುದು ಅದರ ತಾತ್ಪರ್ಯ. ಆ ಬಾಧೆಯೂ ಅವನಿಗೆ ತಿದ್ದುವ ಶಿಕ್ಷಣವಾಗಿ ಕಾಣುತ್ತದೆ.

ಇಲ್ಲಿ ನಿಲ್ಲಬೇಕು. ಅರ್ಥ ಸಿಕ್ಕಿದ ಮೇಲೆ ಹೆಂಗಸು ಬೇಡವಾಗುತ್ತಾಳೆ. ಏಟು ಬಿದ್ದದ್ದು ಯಾರ ಮೈಮೇಲೂ ಅಲ್ಲ ಎಂದಾಗುತ್ತದೆ. ನಮ್ಮ ಕೇರಿಯಲ್ಲಿ ಜೀತದ ಆಳಿಗೆ ಹೊಡೆದ ಗೌಡ, ಬುದ್ಧಿ ಕಲಿಸಿದೆ ಅನ್ನುತ್ತಿದ್ದನಂತೆ. ಭಾಷೆ ಒಂದೇ.

ಫಿಲೋನ ಸ್ವಂತ ಬದುಕು ಮಾತ್ರ ಇನ್ನೊಂದು ಕಥೆ ಹೇಳುತ್ತದೆ. ಕ್ರಿಸ್ತಶಕ ೩೮ರಲ್ಲಿ ಅದೇ ಅಲೆಗ್ಸಾಂಡ್ರಿಯಾದಲ್ಲಿ ಯಹೂದಿಗಳ ಮೇಲೆ ದೊಡ್ಡ ಹಲ್ಲೆ ನಡೆಯಿತು. ರೋಮನ್ ಅಧಿಕಾರಿ ಫ್ಲಾಕಸ್ ಅವರನ್ನು ಆ ಊರಿನ ಪರಕೀಯರೆಂದು ಸಾರಿದ. ಫಿಲೋ ತನ್ನ ಜನರ ಪರವಾಗಿ ರೋಮಿನ ಚಕ್ರವರ್ತಿಯ ತನಕ ನಿಯೋಗ ಹೋದ. ಹೀಬ್ರೂವಿನಲ್ಲಿ ಪರಕೀಯ ಎನ್ನುವುದಕ್ಕೆ 'ಗೇರ್' ಎಂಬ ಪದವಿದೆ. ಹಾಗರಳ ಹೆಸರು ಕಿವಿಗೆ ಅದನ್ನೇ ನೆನಪಿಸುತ್ತದೆ. ಪರಕೀಯ ಎನಿಸಿಕೊಂಡು ಹೊರಗೆ ಹಾಕಿಸಿಕೊಳ್ಳುವುದು ಹೇಗಿರುತ್ತದೆ ಎಂದು ಗೊತ್ತಿದ್ದವನ ಕೈಯಲ್ಲೇ ಪರಕೀಯಳೊಬ್ಬಳು ವ್ಯಾಕರಣ ಪಾಠವಾಗಿಬಿಟ್ಟಳು. ಇದನ್ನು ಫಿಲೋನ ಮೇಲಿನ ದೂರಾಗಿ ನಾನು ಬರೆಯುತ್ತಿಲ್ಲ. ತುಳಿಸಿಕೊಂಡವರ ಓದು ತಾನೇ ತಾನಾಗಿ ನ್ಯಾಯದ ಓದು ಆಗುವುದಿಲ್ಲ. ಅದನ್ನು ಪ್ರಯತ್ನಪೂರ್ವಕ ಗಳಿಸಬೇಕು. ಇದು ನಮಗೂ ಅನ್ವಯಿಸುವ ಮಾತು.

ಅದೇ ಶತಮಾನದ ಇನ್ನೊಬ್ಬ ಓದುಗ ಪೌಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎನ್ನುವ ದೊಡ್ಡ ಮಾತಿದೆ. ನಮ್ಮ ಜನ ಕ್ರೈಸ್ತರಾಗಲು ಅಂಥ ಮಾತುಗಳೇ ಕಾರಣ. ಆದರೆ ಒಂದೇ ಪುಟ ಮಗುಚಿದರೆ ನಾಲ್ಕನೆಯ ಅಧ್ಯಾಯದಲ್ಲಿ ಅದೇ ಪೌಲ ಹಾಗರ್ ಸಾರರನ್ನು ಎರಡು ಒಡಂಬಡಿಕೆಗಳ ಸಂಕೇತ ಮಾಡಿ, ದಾಸಿಯನ್ನೂ ಅವಳ ಮಗನನ್ನೂ ಹೊರಗೆ ಹಾಕು ಎಂಬ ಸಾರಳ ಮಾತನ್ನು ಶಾಸ್ತ್ರವಾಕ್ಯವಾಗಿ ಎತ್ತಿ ಹೇಳುತ್ತಾನೆ. ಭೇದವಿಲ್ಲ ಎಂದ ಪತ್ರದಲ್ಲೇ ದಾಸಿ ಹೊರಗೆ! ಒಡತಿ ಸಿಟ್ಟಿನಲ್ಲಿ ಆಡಿದ ಮಾತು ದೇವರ ವಾಕ್ಯವಾಗಿ ಬಡ್ತಿ ಪಡೆದದ್ದು ಹೀಗೆ. ಅಷ್ಟೇ ಅಲ್ಲ, ಪೌಲ ಹಾಗರಳನ್ನು ತನ್ನ ಕಾಲದ ಜೆರೂಸಲೇಮಿಗೆ ಹೋಲಿಸಿದ್ದರಿಂದ, ಸಾರಳ ವಂಶದವರೇ ಆದ ಯಹೂದಿಗಳು ಮುಂದಿನ ಕ್ರೈಸ್ತ ವ್ಯಾಖ್ಯಾನಗಳಲ್ಲಿ ಹಾಗರಳ ಮಕ್ಕಳಾದರು. ಐದನೆಯ ಶತಮಾನದ ಮೊದಲಲ್ಲಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್, ಡೊನಾಟಿಸ್ಟರೆಂಬ ಭಿನ್ನಮತದ ಕ್ರೈಸ್ತರ ಮೇಲೆ ಸರ್ಕಾರದ ಬಲ ಪ್ರಯೋಗಿಸುವುದನ್ನು ಸಮರ್ಥಿಸುತ್ತ, ಸಾರ ಹಾಗರಳನ್ನು ದಂಡಿಸಲಿಲ್ಲವೇ ಎಂದು ಇದೇ ಕಥೆಯನ್ನು ಮುಂದಿಟ್ಟ.

ಒಮ್ಮೆ ವ್ಯಾಕರಣ, ಒಮ್ಮೆ ಯಹೂದಿಗಳು, ಒಮ್ಮೆ ಡೊನಾಟಿಸ್ಟರು, ನನ್ನ ಚಿಕ್ಕವ್ವನ ಕೇರಿಯಲ್ಲಿ ಲೋಕದ ಆಸೆ. ಹಾಗರ್ ಎಂಬುದು ಒಂದು ಖಾಲಿ ಮಣೆಯಾಗಿದೆ. ಯಾರನ್ನು ಓಡಿಸಬೇಕೋ ಅವರನ್ನು ಅದರ ಮೇಲೆ ಕೂರಿಸುವುದು. ಮಣೆ ಖಾಲಿಯಾಗಬೇಕಾದರೆ ಮೊದಲು ಕೂತಿದ್ದ ಹೆಂಗಸನ್ನು ಎಬ್ಬಿಸಬೇಕಿತ್ತು. ಸಂಕೇತದ ಓದು ಆ ಕೆಲಸ ಮಾಡಿಕೊಟ್ಟಿತು.

೪

ಇದೆಲ್ಲ ಎಲ್ಲೋ ದೂರದ ಕಥೆ, ಕನ್ನಡ ವಿಮರ್ಶೆಗೆ ಏನು ಸಂಬಂಧ ಎಂದು ಗೆಳೆಯರು ಕೇಳಬಹುದು. ಸಂಬಂಧ ಇದೆ. ನಾವು ಓದಲು ಕಲಿತದ್ದೇ ಹೀಗೆ.

೧೯೬೫ರಲ್ಲಿ ಬಂದ ಅನಂತಮೂರ್ತಿಯವರ 'ಸಂಸ್ಕಾರ'ವನ್ನು ನನಗೆ ಪಾಠ ಮಾಡಿದವರು ಚಂದ್ರಿಯನ್ನು ಜೀವಶಕ್ತಿಯ ಸಂಕೇತ ಎಂದರು. ನಾನು ಅದನ್ನೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಮೇಷ್ಟರಾದ ಮೇಲೆ ನನ್ನ ತರಗತಿಯಲ್ಲೂ ಅದನ್ನೇ ಹೇಳಿದೆ. ಆದರೆ ಕಾದಂಬರಿಯಲ್ಲಿ ಚಂದ್ರಿ ಮಾಡುವ ಕೆಲಸ ನೋಡಿ. ಹೆಣ ಕೊಳೆಯುತ್ತಿದೆ, ಅಗ್ರಹಾರ ಶಾಸ್ತ್ರ ಹುಡುಕುತ್ತಿದೆ. ಅವಳು ಮೊದಲು ತನ್ನ ಒಡವೆ ಬಿಚ್ಚಿ ಇಡುತ್ತಾಳೆ. ಅದೂ ಆಗದಿದ್ದಾಗ ಒಬ್ಬ ಮುಸ್ಲಿಮನ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಇಡೀ ಕಾದಂಬರಿಯಲ್ಲಿ ಪ್ರಶ್ನೆಯನ್ನು ಬಗೆಹರಿಸಿದವಳು ಅವಳೊಬ್ಬಳೇ. ಆ ಮೇಲೆ ಅವಳು ಏನಾದಳು ಎಂದು ಕಾದಂಬರಿ ಹಿಂಬಾಲಿಸುವುದಿಲ್ಲ, ನಾವೂ ಹಿಂಬಾಲಿಸಲಿಲ್ಲ. ಪ್ರಾಣೇಶಾಚಾರ್ಯನ ಆತ್ಮಶೋಧನೆಯ ಹಿಂದೆ ಹೋದೆವು. ಹೊಲಗೇರಿಯಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಟ್ಟಾಗ ಯಾವ ಸಂಸ್ಕಾರದ ಪ್ರಶ್ನೆಯೂ ಏಳುವುದಿಲ್ಲ ಎಂಬುದನ್ನು ನನ್ನ ತರಗತಿಯಲ್ಲಿ ಮೊದಲು ಎತ್ತಿದವಳು ಒಬ್ಬ ವಿದ್ಯಾರ್ಥಿನಿ, ನಾನಲ್ಲ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವ ಹುಡುಕುವ ಹುಂಜವನ್ನು ಯಾರಾದರೂ ಕಳೆದುಹೋದ ಆತ್ಮದ ಸಂಕೇತ ಎಂದರೆ ಸಾಕವ್ವ ಏನಂದಾಳು? ನನ್ನ ಹುಂಜ ಎಲ್ಲಿ ಅಂತಲೇ ಕೇಳುತ್ತಾಳೆ.

ಇನ್ನು 'ದಾಸಿ' ಎಂಬ ಪದ. ಹೀಬ್ರೂವಿನಲ್ಲಿ ಹಾಗರಳಿಗೆ ಮೊದಲ ಕಂತಿನಲ್ಲಿ ಒಂದು, ಎರಡನೆಯ ಕಂತಿನಲ್ಲಿ ಇನ್ನೊಂದು ಪದವಿದೆ. ಕನ್ನಡದಲ್ಲಿ ಎರಡಕ್ಕೂ ದಾಸಿ ಎಂದೇ ನಮ್ಮ ಬಾಯಿಗೆ ಬರುತ್ತದೆ. ಈ ಪದ ನಮ್ಮ ನುಡಿಯಲ್ಲಿ ಎಂಥದ್ದು? ಹುಟ್ಟಿನಿಂದ ಒಡೆಯನಲ್ಲದಿದ್ದರೂ ದಾಸನಲ್ಲದವನು ತನ್ನನ್ನು ಹರಿಯ ದಾಸ ಎಂದುಕೊಂಡರೆ ಅದು ಪದವಿ. ಪೌಲನೂ ತನ್ನನ್ನು ಕ್ರಿಸ್ತನ ದಾಸ ಎಂದು ಹೆಮ್ಮೆಯಿಂದ ಕರೆದುಕೊಂಡವನೇ. ನಿಜವಾಗಿ ದಾಸಿಯಾದವಳನ್ನು ದಾಸಿ ಎಂದರೆ ಅದು ಬೈಗುಳ. ತೊಟ್ಟು ಕಳಚಬಲ್ಲವನಿಗೆ ದಾಸ್ಯ ಒಂದು ಸಂಕೇತವಾಗುತ್ತದೆ. ಕಳಚಲಾರದವಳಿಗೆ ಅದು ಚರ್ಮ.

೫

ಆಧ್ಯಾತ್ಮಿಕ ಓದು ಪುಸ್ತಕದಲ್ಲೇ ಉಳಿಯುವುದಿಲ್ಲ, ಕಚೇರಿಗೂ ಬರುತ್ತದೆ. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ ಧರ್ಮದಿಂದ ಆಚೆಗಿರುವವರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸಲಿಲ್ಲ. ೧೯೫೬ರಲ್ಲಿ ಸಿಖ್ಖರನ್ನು, ೧೯೯೦ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ೨೦೨೨ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಇದಕ್ಕೆ ಕೊಡುವ ಮುಖ್ಯ ವಾದ ಏನು? ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ! ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ನಿಮ್ಮ ಗ್ರಂಥವೇ ಹೇಳುತ್ತದಲ್ಲ! ಆತ್ಮದಲ್ಲಿ ಸಿಕ್ಕ ಸಮಾನತೆಯನ್ನೇ ಲೋಕದ ಹಕ್ಕಿಗೆ ಅಡ್ಡ ಹಿಡಿಯುವುದು. ಚಿಕ್ಕವ್ವ ಪಾತ್ರೆ ತಿಕ್ಕುತ್ತಿದ್ದ ಮನೆಯಲ್ಲಿ ಅವಳಿಗೆ ಇಟ್ಟಿದ್ದ ಬೇರೆ ಲೋಟ ಅವಳು ಕ್ರೈಸ್ತಳಾದ ಮೇಲೂ ಬೇರೆಯಾಗಿಯೇ ಇತ್ತು. ಲೋಟಕ್ಕೆ ಅವಳ ದೀಕ್ಷಾಸ್ನಾನದ ಸುದ್ದಿ ಮುಟ್ಟಿರಲಿಲ್ಲ.

ನಮ್ಮ ಚಳವಳಿಯೂ ಇದರಿಂದ ಪಾರಾಗಿಲ್ಲ. ಅವ್ವನನ್ನು ನೆಲ ಮಾಡಿ, ಮಳೆ ಮಾಡಿ, ಕಾಡು ಮಾಡಿ ನಾವು ಬರೆದ ಕವನಗಳಿಗೆ ಲೆಕ್ಕವಿಲ್ಲ. ಓದುತ್ತಿದ್ದಾಗ ನಾನೂ ಚಿಕ್ಕವ್ವನ ಮೇಲೆ ಒಂದು ಕವನ ಬರೆದು ಅವಳನ್ನು ಭೂಮಿತಾಯಿ ಮಾಡಿದ್ದೆ. ಓದಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ಚೆನ್ನಾಗದೆ, ಆದ್ರೆ ಅವ್ರು ನಾಕ್ ತಿಂಗ್ಳು ಸಂಬ್ಳ ಹಿಡ್ಕಂಡಿದ್ದು ಇದ್ರಲ್ಲಿ ಎಲ್ಲೂ ಬರ್ನಿಲ್ವಲ್ಲ" ಅಂದಳು. ಭೂಮಿತಾಯಿಗೆ ಸಂಬಳ ಎಲ್ಲಿಂದ ಬರಬೇಕು?

೬

ಹಾಗಾದರೆ ಸಂಕೇತವೇ ಬೇಡವೆ? ಅಧ್ಯಾತ್ಮವೆಲ್ಲ ಪುರೋಹಿತಶಾಹಿಯ ಹುನ್ನಾರ ಎಂದು ಗುಡಿಸಿ ಹಾಕೋಣವೆ? ನಮ್ಮ ಗೆಳೆಯರಲ್ಲಿ ಕೆಲವರು ಹಾಗೆ ಹೇಳುತ್ತಾರೆ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಹಾಗರಳೇ ಅಡ್ಡ ಬರುತ್ತಾಳೆ.

ಮೊದಲ ಕಂತಿನಲ್ಲಿ ಒರತೆಯ ಹತ್ತಿರ ಹಾಗರ್ ಒಂದು ಕೆಲಸ ಮಾಡುತ್ತಾಳೆ. ತನ್ನೊಡನೆ ಮಾತಾಡಿದ ದೇವರಿಗೆ ಅವಳೇ ಹೆಸರಿಡುತ್ತಾಳೆ: ಎಲ್‌ರೋಯಿ, ನೋಡುವ ದೇವರು. ಆ ನೀರಿನ ಜಾಗಕ್ಕೂ ಅದರಿಂದಲೇ ಹೆಸರು ಬರುತ್ತದೆ. ಯಾರೂ ಹೆಸರು ಹಿಡಿದು ಕರೆಯದಿದ್ದ ದಾಸಿ ದೇವರಿಗೇ ಹೆಸರಿಟ್ಟಳು. ಅಂದರೆ ಈ ಕಥೆಯ ಮೊದಲ ವ್ಯಾಖ್ಯಾನಕಾರಳು ಅವಳೇ. ಅವಳ ಸಂಕೇತ ಅವಳ ಬಾಯಾರಿಕೆಯಿಂದ, ಕಣ್ಣಿಂದ ಹುಟ್ಟಿತು. ಅಂಬಿಗರ ಚೌಡಯ್ಯ ದೋಣಿಯನ್ನು ಸಂಕೇತ ಮಾಡಿದಾಗ ಹುಟ್ಟು ಹಾಕುವ ಕೈ ಅವನದೇ ಆಗಿತ್ತಲ್ಲ, ಹಾಗೆ. ಸಂಕೇತ ಮಾಡಿದರೋ ಇಲ್ಲವೋ ಎಂಬುದು ಎರಡನೆಯ ಮಾತು. ಮೊದಲು ಕೇಳಬೇಕಾದ್ದು, ಮಾಡಿದವರು ಯಾರು, ಮಾಡಿದ ಮೇಲೆ ಕೈ ಏನಾಯಿತು, ಒಡಲು ಏನಾಯಿತು ಎಂದು.

ಹದಿಮೂರನೆಯ ಶತಮಾನದ ಯಹೂದಿ ಪಂಡಿತ ರಾಂಬಾನ್ ಎಂಬಾತ ಅನುಭಾವದ ಹಾದಿಯವನು, ಒಳ ಅರ್ಥಗಳಲ್ಲಿ ಮುಳುಗಿದವನು. ಆದರೂ ಈ ಪ್ರಸಂಗಕ್ಕೆ ಬಂದಾಗ ಅವನು ನೇರ ಹೇಳುತ್ತಾನೆ: ಹಾಗರಳನ್ನು ಬಾಧಿಸಿ ನಮ್ಮ ತಾಯಿ ಪಾಪ ಮಾಡಿದಳು, ಅದಕ್ಕೆ ಬಿಟ್ಟು ಅಬ್ರಹಾಮನೂ ಪಾಪ ಮಾಡಿದ, ಅದರ ಫಲವನ್ನು ನಮ್ಮ ಜನ ಉಣ್ಣಬೇಕಾಯಿತು ಎಂಬರ್ಥದಲ್ಲಿ. ಅಧ್ಯಾತ್ಮ ಮನುಷ್ಯಳನ್ನು ನುಂಗಲೇಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ತನ್ನ ಮೂಲತಾಯಿ ತಪ್ಪು ಮಾಡಿದಳು ಎನ್ನಲು ಎದೆ ಬೇಕು.

ಮೆಕ್ಕಾಕ್ಕೆ ಹಜ್ ಹೋದವರು ಸಫಾ ಮತ್ತು ಮರ್ವಾ ಎಂಬ ಗುಡ್ಡಗಳ ನಡುವೆ ಏಳು ಬಾರಿ ನಡೆಯುತ್ತಾರೆ. ಮುಸ್ಲಿಂ ಪರಂಪರೆಯಲ್ಲಿ ಅದು ಹಾಜರ, ಅಂದರೆ ಹಾಗರ್, ಮಗುವಿಗಾಗಿ ನೀರು ಹುಡುಕಿ ಓಡಿದ ನೆನಪು. ಅರಸನಾದರೂ ಅಲ್ಲಿ ಆ ಹೆಂಗಸಿನ ಹೆಜ್ಜೆಯಲ್ಲೇ ಹೆಜ್ಜೆ ಇಡಬೇಕು. ಇದೂ ಸಂಕೇತವೇ, ಆದರೆ ಕಾಲಿನಿಂದ ಮಾಡುವ ಸಂಕೇತ. ಹಾಗೆ ನಡೆದು ಬಂದವರೆಲ್ಲ ತಮ್ಮ ಮನೆಯ ಕೆಲಸದವಳನ್ನು ಮನುಷ್ಯಳಂತೆ ಕಂಡರು ಎಂದು ನಾನು ಹೇಳುತ್ತಿಲ್ಲ. ಆದರೆ ಓಟ ಇನ್ನೂ ಓಟವಾಗಿ, ನೀರು ನೀರಾಗಿ ಅಲ್ಲಿ ಉಳಿದಿದೆ.

ಅಮೆರಿಕದ ಕಪ್ಪು ಜನ ಹಾಗರಳನ್ನು ತಮ್ಮವಳೆಂದು ಹಿಡಿದುಕೊಂಡದ್ದೂ ಹೀಗೆ. ಆಫ್ರಿಕನ್ ಮತ್ತು ಮೂಲನಿವಾಸಿ ಮೂಲದ ಶಿಲ್ಪಿ ಎಡ್ಮೋನಿಯಾ ಲೂಯಿಸ್ ೧೮೭೫ರಲ್ಲಿ ಅಮೃತಶಿಲೆಯಲ್ಲಿ ಹಾಗರಳನ್ನು ಕಡೆದಳು. ಕೈಜೋಡಿಸಿ ಮೇಲೆ ನೋಡುತ್ತಿರುವ ಆ ಹೆಂಗಸಿನ ಕಾಲ ಬಳಿ ಒಂದು ಹೂಜಿ ಉರುಳಿ ಬಿದ್ದಿದೆ. ನೀರಿನ ಪಾತ್ರೆಯನ್ನು ಅವಳು ಮರೆಯಲಿಲ್ಲ. ೧೯೯೩ರಲ್ಲಿ ಕಪ್ಪು ದೇವತಾಶಾಸ್ತ್ರಜ್ಞೆ ಡೆಲೋರೆಸ್ ವಿಲಿಯಮ್ಸ್ ಬರೆದ ಪುಸ್ತಕ ಇನ್ನೂ ಮುಂದೆ ಹೋಗುತ್ತದೆ. ಈ ಕಥೆಯ ದೇವರು ಹಾಗರಳನ್ನು ಬಿಡುಗಡೆ ಮಾಡುವುದಿಲ್ಲ, ಒಡತಿಯ ಬಳಿಗೇ ವಾಪಸು ಕಳಿಸುತ್ತಾನೆ, ಬದುಕಿ ಉಳಿಯುವ ದಾರಿ ಮಾತ್ರ ತೋರಿಸುತ್ತಾನೆ ಎಂಬ ಕಹಿಯನ್ನು ಅವಳು ಮುಚ್ಚಿಡುವುದಿಲ್ಲ. ವಿಮೋಚನೆಯ ಭಾಷೆ ಆಡುವ ನಮಗೆ ಇದು ನುಂಗಲಾರದ ತುತ್ತು. ಓಡಿಬಂದ ದಾಸನನ್ನು ಒಡೆಯನಿಗೆ ಹಿಡಿದು ಕೊಡಬಾರದು ಎನ್ನುವ ಕಟ್ಟಳೆ ಅದೇ ಸತ್ಯವೇದದ ಧರ್ಮೋಪದೇಶಕಾಂಡದಲ್ಲಿದೆ. ಆದರೂ ದೇವದೂತ ವಾಪಸು ಹೋಗು ಅಂದ. ಚಿಕ್ಕವ್ವನೂ ಒಮ್ಮೆ ಜಗಳವಾಡಿ ಬಿಟ್ಟ ಮನೆಗೆ ಮಕ್ಕಳ ಸ್ಕೂಲು ಫೀಜಿನ ತಿಂಗಳಲ್ಲಿ ವಾಪಸ್ಸು ಹೋದವಳು. ಅದನ್ನು ಸೋಲು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಬೇಡ್ಕರ್ ನಮಗೆ ಕಲಿಸಿಕೊಟ್ಟ ಓದು ಯಾವುದು? ೧೯೫೭ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಮುದುಕನನ್ನೂ ರೋಗಿಯನ್ನೂ ಹೆಣವನ್ನೂ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಅವರು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಅವನು ಅವನ್ನು ಕಂಡೇ ಇರಲಿಲ್ಲವೇ ಎಂದು ಕೇಳಿದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳವನ್ನು, ಯುದ್ಧ ಬೇಡವೆಂದ ಸಿದ್ಧಾರ್ಥನನ್ನು ಮುಂದೆ ತಂದರು. ಧರ್ಮದ ಬುಡದಲ್ಲಿ ನೀರಿನ ಪ್ರಶ್ನೆ ಕಂಡ ಕಣ್ಣು ಅದು. ೧೯೨೭ರ ಮಾರ್ಚ್ ೨೦ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದವರಿಗೆ ಬೇರೆ ಕಣ್ಣು ಇರಲು ಸಾಧ್ಯವೂ ಇರಲಿಲ್ಲ. ಮಹಾಡದ ಆ ಬೊಗಸೆ ಇವತ್ತು ನಮಗೆ ದೊಡ್ಡ ಸಂಕೇತ. ಅದು ಸಂಕೇತವಾಗಿ ನಿಂತದ್ದು ಮೊದಲು ಅದು ನಿಜವಾದ ನೀರಾಗಿದ್ದರಿಂದ.

೭

ಚಿಕ್ಕವ್ವನ ಪ್ರಶ್ನೆಗೆ ಉತ್ತರ ಹುಡುಕುತ್ತ ಆ ಅಧ್ಯಾಯವನ್ನು ಕೊನೆಯ ತನಕ ಓದಿದೆ. ಪ್ರಸಂಗಿ ಹಾಗರಳಿಗೆ ಬಾವಿ ಕಂಡಲ್ಲಿಗೆ ನಿಲ್ಲಿಸಿ, ಅದು ನಮ್ಮ ಅಂತರಂಗದ ಜೀವಜಲ ಎಂದು ಮುಗಿಸಿದ್ದ. ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಅದರ ಮುಂದೆಯೇ ಇನ್ನೊಂದು ಬಾವಿಯ ವಿಷಯ ಬರುತ್ತದೆ. ಅಬ್ರಹಾಮ ತೋಡಿದ ಬಾವಿಯನ್ನು ಅಬೀಮೆಲೆಕ ಎಂಬ ಅರಸನ ಆಳುಗಳು ಕಿತ್ತುಕೊಂಡಿದ್ದಾರೆ. ಅಬ್ರಹಾಮ ದೂರು ಹೇಳುತ್ತಾನೆ. ಕುರಿ ದನಗಳನ್ನು ಅರಸನಿಗೆ ಕೊಟ್ಟು ಒಪ್ಪಂದ ಮಾಡಿಕೊಳ್ಳುತ್ತಾನೆ. ಏಳು ಹೆಣ್ಣು ಕುರಿಮರಿಗಳನ್ನು ಬೇರೆ ನಿಲ್ಲಿಸಿ, ಈ ಬಾವಿ ನಾನು ತೋಡಿದ್ದು ಎಂಬುದಕ್ಕೆ ಇವು ಸಾಕ್ಷಿ ಎನ್ನುತ್ತಾನೆ. ಆಣೆ ಪ್ರಮಾಣ ಆಗುತ್ತದೆ. ಊರಿಗೆ ಅದರಿಂದಲೇ ಬೇರ್ಷೆಬ ಎಂಬ ಹೆಸರು.

ಒಂದೇ ಅಧ್ಯಾಯ, ಒಂದೇ ಸೀಮೆ, ಎರಡು ಬಾವಿ. ಒಡೆಯನ ಬಾವಿಗೆ ಸಾಕ್ಷಿ, ಕುರಿ, ಕರಾರು. ದಾಸಿಯ ಬಾವಿಗೆ ಆಧ್ಯಾತ್ಮಿಕ ಅರ್ಥ. ದಾಸರನ್ನು ಬಿಡುಗಡೆ ಮಾಡಿದಾಗ ಬರಿಗೈಲಿ ಕಳಿಸಬಾರದು, ಹಿಂಡಿನಿಂದ, ಕಣದಿಂದ, ದ್ರಾಕ್ಷಿ ಆಲೆಯಿಂದ ಧಾರಾಳವಾಗಿ ಕೊಡಬೇಕು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಅಬ್ರಹಾಮನ ಹಿಂಡಿನಲ್ಲಿ ಅರಸನಿಗೆ ಕೊಡಲು ಕುರಿ ಇದ್ದವು; ಮಗನ ತಾಯಿಗೆ ಕೊಡಲು ಇದ್ದದ್ದು ಒಂದು ತಿತ್ತಿ ನೀರು.

ಇದನ್ನು ಹೋಗಿ ಚಿಕ್ಕವ್ವನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಹಂಗಾರೆ ಕುರಿ ಇದ್ವು ಅನ್ನು."

"ಇದ್ವು ಚಿಕ್ಕವ್ವ."

"ನಂಗೊತ್ತಿತ್ತು ಕನ" ಅಂದಳು. ಆಮೇಲೆ ಕೇಳಿದಳು: "ಮುಂದಿನ್ ಭಾನ್ವಾರ ಪ್ರಸಂಗಿಗೆ ಇದ್ನ ನೀನ್ ಹೇಳ್ತೀಯಾ, ನಾನೇ ಹೇಳ್ಲಾ?"

ನೀನೇ ಹೇಳು ಅಂದೆ. ಅವಳು ಹೇಳಿದಳು. ಪ್ರಸಂಗಿ ಪುಸ್ತಕ ತೆಗೆದು, ಕೂಟದ ಮುಂದೆ ಆ ಅಧ್ಯಾಯವನ್ನು ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದಿದನಂತೆ. ಅರ್ಥ ಹೇಳಲಿಲ್ಲವಂತೆ.